ಗಿಗಿರಿಯಮ್ಮನ ಬಾಯಿಗೆ ಇಟ್ಟ ತುತ್ತು

ನೈರೋಬಿಯಲ್ಲಿ ನಮ್ಮ ಕನ್ನಡದವರ ಆರೇಳು ಮನೆ ಸೇರಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಹೊರಗೆ ಊಟಕ್ಕೆ ಹೋಗುತ್ತಿದ್ದೆವು. ಒಮ್ಮೆ ಹೋದ ಹೋಟೆಲಿಗೆ ಮತ್ತೆ ಹೋಗುವಂತಿಲ್ಲ, ಪ್ರತಿ ಸಲವೂ ಹೊಸದೇ ಆಗಬೇಕು ಅನ್ನುವುದು ಕಟ್ಟಳೆ. ಯಾವ ಹೋಟೆಲು ಅನ್ನುವುದನ್ನು ಸರದಿಯ ಮೇಲೆ ಒಂದೊಂದು ಮನೆಯವರು ಹೇಳಬೇಕು. ಸರದಿ ಬರೀ ಹೆಸರಿಗೆ. ಹೇಳುತ್ತಿದ್ದವಳು ಒಬ್ಬಳೇ. ಅವಳ ಗಂಡ ಗಿಗಿರಿಯಲ್ಲಿ, ಹತ್ತಾರು ದೇಶದವರು ಕೂತು ಕೆಲಸ ಮಾಡುವ ದೊಡ್ಡ ಆಫೀಸಿನಲ್ಲಿದ್ದ. ಅವಳನ್ನು ನಾನು ಮನಸ್ಸಿನಲ್ಲಿ ಗಿಗಿರಿಯಮ್ಮ ಅಂತ ಕರೆಯುತ್ತಿದ್ದೆ. ಇಲ್ಲೂ ಹಾಗೇ ಕರೆಯುತ್ತೇನೆ.

ನಾನಿದ್ದದ್ದು ಲ್ಯಾವಿಂಗ್ಟನ್ನಿನಲ್ಲಿ, ಮಗಳ ಮನೆಯಲ್ಲಿ. ಅಳಿಯ ಅಪ್ಪರ್ ಹಿಲ್ಲಿನ ಒಂದು ಬ್ಯಾಂಕಿಗೆ ಹೋಗುತ್ತಿದ್ದರು, ಮಗಳು ಒಂದು ಸಂಸ್ಥೆಯ ಕೆಲಸಕ್ಕೆ. ಮೊಮ್ಮಗಳನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು, ನನ್ನನ್ನು ಮಂಡ್ಯದ ಕಡೆಯಿಂದ ಕರೆಸಿಕೊಂಡರು. ನಾನು ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ, ನಡೆದದ್ದರಲ್ಲಿ ತಪ್ಪಿಲ್ಲ.

ಹೋಟೆಲು ಆರಿಸುವುದು ಹೇಗೆ ನಡೆಯುತ್ತಿತ್ತು ಅಂದರೆ, ಸರದಿ ಬಂದವರು ಫೋನಿನ ಗುಂಪಿನಲ್ಲಿ ಒಂದು ಹೋಟೆಲಿನ ಫೋಟೋ ಹಾಕುವರು. ಕೂಡಲೇ ಗಿಗಿರಿಯಮ್ಮನ ಪ್ರಶ್ನೆಗಳು ಶುರುವಾಗುತ್ತಿದ್ದವು. ಶುದ್ಧ ಸಸ್ಯಾಹಾರಿಯಾ? ಕೇಕಿಗೆ ಮೊಟ್ಟೆ ಹಾಕುತ್ತಾರಾ? ಆಲೂಗಡ್ಡೆ ಕರಿದ ಎಣ್ಣೆಯಲ್ಲಿ ಮೊದಲು ಏನು ಕರಿದಿದ್ದರು? ಸಾಸಿನಲ್ಲಿ ಮೀನು ಇಲ್ಲ ತಾನೆ? ಪಾರ್ಕಿಂಗ್ ಕಾಂಪೌಂಡಿನ ಒಳಗಾ, ರಸ್ತೆಯ ಮೇಲಾ? ಮಕ್ಕಳಿಗೆ ಜಾರುಬಂಡೆ ಇದೆಯಾ? ಜನ ಎಷ್ಟು ಸ್ಟಾರ್ ಕೊಟ್ಟಿದ್ದಾರೆ? ಹೀಗೆ ಕೇಳಿ ಕೇಳಿ ಬೇರೆಯವರು ಹೇಳಿದ್ದನ್ನೆಲ್ಲ ಹೊಡೆದು ಹಾಕಿ, ಕೊನೆಗೆ ತಾನೇ ಒಂದನ್ನು ಹಾಕುವಳು. ಉಳಿದವರು ಹೆಬ್ಬೆಟ್ಟಿನ ಚಿತ್ರ ಒತ್ತುವರು. ಅಷ್ಟೊಂದು ಓದಿದವರು ಹಾಗೆ ಸಾಲಾಗಿ ಹೆಬ್ಬೆಟ್ಟು ಒತ್ತುವುದನ್ನು ನಾನು ಅಲ್ಲೇ ನೋಡಿದ್ದು.

ಅವಳು ಆರಿಸಿದ ಹೋಟೆಲುಗಳಲ್ಲಿ ನನ್ನ ಹೊಟ್ಟೆ ಯಾವತ್ತೂ ತುಂಬಲಿಲ್ಲ. ಒಂದರಲ್ಲಿ ದೋಸೆಯ ಮೇಲೆ ಚೀಸು ಸುರಿದು ಕೊಟ್ಟರು. ಇನ್ನೊಂದರಲ್ಲಿ ತಟ್ಟೆ ಇರಲಿಲ್ಲ, ಕಲ್ಲಿನ ಚಪ್ಪಡಿಯ ಮೇಲೆ ಊಟ, ಅದೂ ಅಂಗೈಯಷ್ಟು. ಮತ್ತೊಂದರಲ್ಲಿ ಕಾಡು ಕಾಣುತ್ತೆ, ಕಾಡು ಕಾಣುತ್ತೆ ಅಂತ ಎಲ್ಲರೂ ಕಿಟಕಿಯ ಕಡೆ ತಿರುಗಿ ಕೂತು ತಣ್ಣಗಾದ ಅನ್ನ ತಿಂದರು. ನಾನಾದರೆ ಹೊಸ ಹೋಟೆಲಿಗೆ ಬೇರೆ ಥರ ಲೆಕ್ಕ ಹಾಕುತ್ತೇನೆ. ಹಿಂಬದಿಯ ಬಾಗಿಲಲ್ಲಿ ವಾಸನೆ ಹೇಗಿದೆ, ಬಡಿಸುವವರ ಮುಖ ಉಂಡವರ ಹಾಗಿದೆಯಾ ಹಸಿದವರ ಹಾಗಿದೆಯಾ ಅಂತ ನೋಡಿದರೆ ಆಯಿತು. ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಕೇಳದಿದ್ದರೆ ಹೋಗಲಿ ಅಂತ ನಾನೂ ಇದ್ದೆ, ಪೂರಿಯ ದಿನದವರೆಗೆ.

ಆವತ್ತು ಹೋಗಿದ್ದು ಪಾರ್ಕ್‌ಲ್ಯಾಂಡ್ಸ್ ಕಡೆಯ ಹೊಸದೊಂದು ಗುಜರಾತಿ ಊಟದ ಹೋಟೆಲಿಗೆ. ಗಿಗಿರಿಯಮ್ಮನ ಮಗಳು ನನ್ನ ಪಕ್ಕದಲ್ಲಿ ಕೂತಿದ್ದಳು. ಎಳೇ ಮಗು. ತಟ್ಟೆ ಖಾಲಿಯಾಗಿತ್ತು, ಬಡಿಸುವವನು ಆಚೆ ಕಡೆ ಎಲ್ಲೋ ಇದ್ದ, ಮಗು ಬೆರಳು ನೆಕ್ಕುತ್ತಾ ನನ್ನ ತಟ್ಟೆಯನ್ನೇ ನೋಡುತ್ತಿತ್ತು. ನಾನು ಒಂದು ಪೂರಿಯನ್ನು ಎರಡು ಭಾಗ ಮಾಡಿ ಅರ್ಧ ಅದರ ತಟ್ಟೆಗೆ ಹಾಕಿದೆ. ಯಾರಾದರೂ ಹಾಕುತ್ತಾರೆ.

ಗಿಗಿರಿಯಮ್ಮ ಎದ್ದು ಬಂದಳು. ಮಗುವಿನ ಕೈಯಿಂದ ಪೂರಿ ಕಿತ್ತು ತಟ್ಟೆಗೆ ಹಾಕಿ, ತಟ್ಟೆಯನ್ನೇ ಎತ್ತಿ ಬಡಿಸುವವನ ಕೈಗೆ ಕೊಟ್ಟಳು.

"ಅಯ್ಯೋ ಆಂಟಿ, ಎಂಜಲು ಅಲ್ವಾ ಅದು? ಇವಳಿಗೆ ಬೇಗ ಇನ್ಫೆಕ್ಷನ್ ಆಗುತ್ತೆ," ಅಂದಳು. ಮಗುವಿನ ಕೈಯನ್ನು ಒದ್ದೆ ಕಾಗದದಲ್ಲಿ ಉಜ್ಜಿ ಉಜ್ಜಿ ಒರೆಸಿದಳು. ಆಮೇಲೆ ಮೇಜಿನ ಕಡೆ ತಿರುಗಿ, ನನಗೆ ಕಿವಿ ಕೇಳುವುದಿಲ್ಲ ಅನ್ನುವ ಹಾಗೆ, "ಪಾಪ, ಅವ್ರ ಕಡೆ ಇದೆಲ್ಲ ನೋಡಲ್ಲ," ಅಂದಳು.

ಅವರ ಕಡೆ. ನಾವು ಬಾಡು ತಿನ್ನುವ ಜನ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಇನ್ಫೆಕ್ಷನ್ ಬರುವುದು ಎಲ್ಲಿಂದ ಅನ್ನುವುದೂ ಎಲ್ಲರಿಗೂ ಅರ್ಥವಾಯಿತು. ನನ್ನ ಮಗಳು ತನ್ನ ತಟ್ಟೆ ನೋಡಿದಳು. ಅಳಿಯ ನೀರು ಕುಡಿದರು. ಉಳಿದ ಅರ್ಧ ಪೂರಿಯನ್ನು ನಾನು ತಿಂದು ಮುಗಿಸಿದೆ. ನಾನು ಅನ್ನ ಬಿಸಾಡುವವಳಲ್ಲ.

ಕಾರಿನಲ್ಲಿ ಮಗಳನ್ನು ಕೇಳಿದೆ. "ಬಾಯಿ ಸತ್ತೋಗಿತ್ತಾ ನಿಂಗೆ?"

"ಅಮ್ಮ, ಪ್ಲೀಸ್. ಚಿಕ್ಕ ಗುಂಪು ಇದು. ಜಗಳ ಆಡ್ಕೊಂಡ್ರೆ ಇಲ್ಲಿ ನಮಗೆ ಇನ್ಯಾರಿದಾರೆ?"

ಮುಂದಿನ ಸಲದಿಂದ ಹೊಸ ಪದ್ಧತಿ ಬಂತು. ದೊಡ್ಡವರು ಒಂದು ಮೇಜು, ಮಕ್ಕಳು ಒಂದು ಮೇಜು, ನಾನು ಮಕ್ಕಳ ಮೇಜು. ಅದಾದ ಮೇಲೆ, "ಆಂಟಿಗೆ ಅಷ್ಟು ದೂರ ಸುಸ್ತಾಗಲ್ವಾ?" ಅಂತ ಗುಂಪಿನಲ್ಲಿ ಬಂತಂತೆ. ಎರಡು ಸಲ ನನ್ನನ್ನು ಮನೆಯಲ್ಲೇ ಬಿಟ್ಟು ಹೋದರು. ಮೊಸರನ್ನ ಕಲಸಿ ಇಟ್ಟಿದ್ದಳು ಮಗಳು. ತಿನ್ನುತ್ತಾ ನಾನು ತೀರ್ಮಾನ ಮಾಡಿದೆ: ಇವರು ಎಲ್ಲಿ ಉಣ್ಣಬೇಕು ಅನ್ನುವುದನ್ನು ಇನ್ನು ಮೇಲೆ ನಾನು ಹೇಳಬೇಕು, ಅವಳು ಬಾಯಿ ಮುಚ್ಚಿಕೊಂಡು ಅದನ್ನು ಉಣ್ಣಬೇಕು. ಹೇಗೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ನಮ್ಮ ಕಾಂಪೌಂಡಿನಲ್ಲೇ ಮೇಲಿನ ಮನೆಯಲ್ಲಿ ಇಥಿಯೋಪಿಯದ ಹೆಂಗಸೊಬ್ಬಳಿದ್ದಳು. ನನ್ನದೇ ವಯಸ್ಸು. ಸಂಜೆ ಇಬ್ಬರೂ ಗೋಡೆಯ ಪಕ್ಕ ನಡೆಯುತ್ತಿದ್ದೆವು. "ಸವಾ?" ಅಂದರೆ "ಸವಾ" ಅನ್ನುವುದು, ಚೆನ್ನಾಗಿದ್ದೀಯಾ, ಚೆನ್ನಾಗಿದ್ದೇನೆ, ಅಷ್ಟೇ ನಮ್ಮ ನಡುವಿನ ಭಾಷೆ. ಒಂದು ದಿನ ಕಾಫಿಗೆ ಕರೆದಳು. ಮೊಮ್ಮಗಳನ್ನೂ ಕರೆದುಕೊಂಡು ಹೋದೆ, ಆ ಹೆಂಗಸಿಗೆ ಒಂದಿಷ್ಟು ಇಂಗ್ಲಿಷು ಬರುತ್ತಿತ್ತು, ತಿಳಿಸಿ ಹೇಳಲಿ ಅಂತ.

ಕಾಫಿಗೆ ಮೊದಲು ಊಟ ಬಂತು. ಮೊರದಷ್ಟು ದೊಡ್ಡದೊಂದು ತಟ್ಟೆ. ಅದರ ತುಂಬ ಹಾಸಿದ ಒಂದೇ ದೋಸೆ, ಬೂದು ಬಣ್ಣ, ಹುಳಿ ಬಂದ ಹಿಟ್ಟಿನದು, ಮೇಲೆಲ್ಲ ತೂತು. ಇಂಜೆರಾ ಅನ್ನುತ್ತಾರೆ. ಅದರ ಮೇಲೆ ಅಲ್ಲಲ್ಲಿ ಕೆಂಪು ಬೇಳೆ, ಹಳದಿ ಬೇಳೆ, ಸೊಪ್ಪು, ಎಲೆಕೋಸು, ಬೀಟ್ರೂಟು.

"ಇವ್ರು ಬಾಡು ತಿನ್ನಲ್ವಾ?" ಅಂತ ಮೊಮ್ಮಗಳನ್ನು ಕೇಳಿದೆ.

ಅವಳು ಆ ಹೆಂಗಸಿನ ಹತ್ತಿರ ಮಾತಾಡಿ, "ದೇ ಆರ್ ಫಾಸ್ಟಿಂಗ್, ಅಜ್ಜಿ. ಈಸ್ಟರ್ ವರೆಗೂ ನೋ ಮೀಟ್, ನೋ ಮಿಲ್ಕ್, ನೋ ಎಗ್," ಅಂದಳು.

ನಾನು ತಟ್ಟೆಗಾಗಿ ಕಾದೆ. ತಟ್ಟೆ ಬರಲಿಲ್ಲ. ಆ ಹೆಂಗಸು ದೊಡ್ಡ ತಟ್ಟೆಗೇ ಕೈ ಹಾಕಿ ದೋಸೆ ಹರಿದು, ಬೇಳೆ ಅದ್ದಿ ತಿಂದಳು, ನೀನೂ ಹಾಕು ಅಂತ ಕೈ ಮಾಡಿದಳು. ಒಂದೇ ತಟ್ಟೆ, ಎಲ್ಲರ ಕೈಯೂ ಅದರಲ್ಲೇ. ಸ್ವಲ್ಪ ಹೊತ್ತಿಗೆ ಅವಳು ಒಂದು ತುತ್ತು ಸುತ್ತಿ ನೇರವಾಗಿ ನನ್ನ ಬಾಯಿಗೆ ಇಟ್ಟಳು. ಹಿರಿಯರು, ಬೇಕಾದವರು ಹಾಗೆ ಕೈತುತ್ತು ಕೊಡುವುದು ಅವರಲ್ಲಿ ದೊಡ್ಡ ಮರ್ಯಾದೆಯಂತೆ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರಂತೆ.

ಆ ತುತ್ತು ಇನ್ನೂ ಗಂಟಲಲ್ಲಿ ಇಳಿದಿರಲಿಲ್ಲ, ನನಗೆ ದಾರಿ ಕಂಡಿತು. "ಇವ್ರ ಹೋಟ್ಲು ಎಲ್ಲಾದ್ರೂ ಇದ್ಯಾ, ಕೇಳು," ಅಂದೆ. ಅವಳ ತಂಗಿಯದೇ ಒಂದಿತ್ತು, ಹರ್ಲಿಂಗಂ ಕಡೆ, ಹೊಸದಾಗಿ ತೆಗೆದದ್ದು. ಉಪವಾಸ ಮುಗಿಯುವ ತನಕ ಅಲ್ಲಿ ಮಾಂಸ ಒಲೆಗೇ ಬರುವುದಿಲ್ಲ ಅಂದಳು. ನಾನು ಅವಳ ಎರಡೂ ಕೈ ಹಿಡಿದು "ಅಸಾಂಟೆ, ಅಸಾಂಟೆ" ಅಂತ ಅಲ್ಲಿಯವರ ಮಾತಿನಲ್ಲಿ ಥ್ಯಾಂಕ್ಸ್ ಹೇಳಿದೆ. ಊಟಕ್ಕೆ ಅಂದುಕೊಂಡಳು.

ಆ ತಿಂಗಳು ನಮ್ಮ ಮನೆಯ ಸರದಿ. ಅಳಿಯನಿಗೆ ಹೇಳಿದೆ.

"ಅತ್ತೆ, ಇದ್ದಕ್ಕಿದ್ದ ಹಾಗೆ ನಿಮಗೆ ಇಥಿಯೋಪಿಯ ಊಟದ ಆಸೆ ಯಾಕೆ ಬಂತು?"

"ನಾಲ್ಗೆ ಕೆಟ್ಟೋಗದೆ. ಹಾಕಿ ನೋಡಿ."

"ಅವ್ರು ಒಪ್ಪಲ್ಲಮ್ಮ," ಅಂದಳು ಮಗಳು.

"ಒಪ್ತಾಳೆ. ನಾನೂ ಬತ್ತೀನಿ. ಸುಸ್ತಾಗಲ್ಲ ಅಂತ ಬರಿ."

ಅಳಿಯ ಫೋಟೋ ಹಾಕಿದರು. ಪ್ರಶ್ನೆಗಳು ಬಂದವು. ಮಗಳು ಒಂದೊಂದಾಗಿ ಓದಿದಳು, ನಾನು ಉತ್ತರ ಹೇಳಿದೆ. ಮೊಟ್ಟೆ? ಇಲ್ಲ. ಹಾಲು, ತುಪ್ಪ? ಅದೂ ಇಲ್ಲ. ಎಣ್ಣೆ? ಬೇಳೆ ಸೊಪ್ಪಿಗೆ ಬಿಟ್ಟು ಬೇರೇನಕ್ಕೂ ಇಲ್ಲ. ಮಾಂಸ? ಉಪವಾಸ, ಒಲೆಗೇ ಬರಲ್ಲ. ಪಾರ್ಕಿಂಗ್? ಗೇಟಿನ ಒಳಗೆ. ಪ್ರಶ್ನೆಗಳು ಮುಗಿದವು. ಸ್ವಲ್ಪ ಹೊತ್ತಿಗೆ ಗಿಗಿರಿಯಮ್ಮನೇ ಉದ್ದುದ್ದ ಬರೆದಳಂತೆ: ಇದು ವೀಗನ್, ತುಂಬ ಹೆಲ್ತಿ, ನಾನೇ ಇದರ ಬಗ್ಗೆ ಬಹಳ ದಿನದಿಂದ ಹೇಳಬೇಕು ಅಂತಿದ್ದೆ ಅಂತ. ಹೆಬ್ಬೆಟ್ಟುಗಳು ಬಿದ್ದವು.

ತಿನ್ನುವ ಪದಾರ್ಥದ ಬಗ್ಗೆ ಅಷ್ಟೆಲ್ಲ ಕೇಳಿದವಳು ತಿನ್ನುವುದು ಹೇಗೆ ಅಂತ ಕೇಳಲಿಲ್ಲ. ಫೋಟೋದಲ್ಲಿ ದೊಡ್ಡ ತಟ್ಟೆ ಇತ್ತು, ಅದರಿಂದ ಸೌಟಿನಲ್ಲಿ ತೆಗೆದು ಬಡಿಸುತ್ತಾರೆ ಅಂದುಕೊಂಡಿರಬೇಕು. ಅಷ್ಟು ವರ್ಷ ಆ ಊರಿನಲ್ಲಿದ್ದೂ ಮಾಂಸ ಬೇಯಿಸುವ ಮನೆಯ ಹೊಸಿಲು ತುಳಿದವಳಲ್ಲ. ಉಳಿದವರಲ್ಲಿ ಗೊತ್ತಿದ್ದವರು ಒಬ್ಬಿಬ್ಬರಾದರೂ ಇದ್ದಿರಬೇಕು. ಬಾಯಿ ಬಿಡಲಿಲ್ಲ. ಅಳಿಯನಿಗೆ ಗೊತ್ತಿತ್ತು ಅಂತ ನನಗೆ ಈಗಲೂ ಅನುಮಾನ.

ಭಾನುವಾರ ನಾನು ಒಳ್ಳೆಯ ಸೀರೆ ಉಟ್ಟೆ. ಹೋಟೆಲು ಮನೆಯ ಹಾಗೇ ಇತ್ತು. ಬೆತ್ತದ ಬುಟ್ಟಿಯಂಥ ಗಿಡ್ಡ ಮೇಜುಗಳು, ಸುತ್ತಲೂ ಮಣೆಯಂಥ ಕುರ್ಚಿಗಳು.

"ಆಂಟಿ, ನೀವು ಮಕ್ಕಳ ಹತ್ರ ಕೂತ್ಕೊಳ್ಳಿ, ಆರಾಮಾಗಿರುತ್ತೆ," ಅಂದಳು ಗಿಗಿರಿಯಮ್ಮ.

"ಅಲ್ಲಿ ಜಾಗ ಇಲ್ಲ ಕಣವ್ವ," ಅಂದು ಅವಳ ಪಕ್ಕದಲ್ಲೇ ಕೂತೆ. ಜಾಗ ಬೇಕಾದಷ್ಟಿತ್ತು.

ಹುಡುಗಿಯೊಬ್ಬಳು ಹೂಜಿ ಹಿಡಿದು ಎಲ್ಲರ ಕೈ ಮೇಲೆ ನೀರು ಹುಯ್ದಳು. "ಎಷ್ಟು ಕ್ಲೀನ್ ನೋಡ್ರಿ," ಅಂತ ಗಿಗಿರಿಯಮ್ಮ ಮೆಚ್ಚಿಕೊಂಡಳು. ದೊಡ್ಡ ತಟ್ಟೆ ಬಂದು ಬುಟ್ಟಿಯ ಮೇಲೆ ಕೂತಿತು. ಎಲ್ಲರೂ ಫೋಟೋ ತೆಗೆದರು. ಅವಳು ಎರಡು ತೆಗೆದಳು. ಆಮೇಲೆ ಕತ್ತು ತಿರುಗಿಸಿ, "ಪ್ಲೇಟ್ಸ್?" ಅಂದಳು.

ನೀರು ಹುಯ್ದ ಹುಡುಗಿ ನಕ್ಕು, ಎಲ್ಲರೂ ಒಟ್ಟಿಗೆ, ಒಂದೇ ಕುಟುಂಬದ ಹಾಗೆ, ಅಂತ ಇಂಗ್ಲಿಷಿನಲ್ಲಿ ಹೇಳಿದಳು.

ಅವಳ ಗಂಡ ಆಗಲೇ ತೋಳು ಮಡಚಿ ದೋಸೆ ಹರಿದಿದ್ದ. "ಇದು ನಮ್ಮ ಆಫೀಸಲ್ಲಿ ಬುಧವಾರ ತರಿಸ್ತೀವಲ್ಲ, ಅದೇ ಕಣೇ! ಸೂಪರ್ರಾಗಿರುತ್ತೆ."

"ತರಿಸ್ತೀವಿ ಅಂದ್ರೆ? ಯಾರ್ಯಾರು?"

"ಎಲ್ಲರೂ. ಡೈರೆಕ್ಟರು, ಡ್ರೈವರು, ಎಲ್ಲ ಒಂದೇ ತಟ್ಟೆ."

ಅವಳು ಗಂಡನ ಕೈ ನೋಡಿದ ರೀತಿ ನಾನು ಸಾಯುವ ತನಕ ಮರೆಯುವುದಿಲ್ಲ. ಆ ಕೈ ಮನೆಯಲ್ಲಿ ಏನೇನು ಮುಟ್ಟಿತ್ತು ಅಂತ ಲೆಕ್ಕ ಹಾಕುತ್ತಿದ್ದಳು. ಮಕ್ಕಳ ಬುಟ್ಟಿಯಲ್ಲಿ ಅವಳ ಮಗಳು ಮೊಣಕೈ ತನಕ ಬೇಳೆ ಮಾಡಿಕೊಂಡು ನನ್ನ ಮೊಮ್ಮಗಳ ಜೊತೆ ಒಂದೇ ತುಂಡಿಗೆ ಎಳೆದಾಡುತ್ತಿತ್ತು. ಗಿಗಿರಿಯಮ್ಮ ತಟ್ಟೆಯ ಅಂಚಿನಿಂದ, ಯಾರ ಕೈಯೂ ಬಾರದ ಮೂಲೆಯಿಂದ, ಉಗುರಿನಷ್ಟು ಹರಿದು ಬಾಯಿಗೆ ಹಾಕಿಕೊಂಡಳು. ನಾನು ಆ ಮೂಲೆಗೇ ಕೈ ಹಾಕಿದೆ. ಅವಳು ಪಕ್ಕಕ್ಕೆ ಸರಿದಳು. ನಾನೂ ಸರಿದೆ.

ಹೋಟೆಲಿನ ಯಜಮಾನಿ, ನಮ್ಮ ಮೇಲಿನ ಮನೆಯವಳ ತಂಗಿ, ಅಕ್ಕ ಹೇಳಿದ್ದ ಗುರುತಿನ ಮೇಲೆ ನನ್ನನ್ನು ಹುಡುಕಿಕೊಂಡು ಬಂದಳು. ನಾನು ಮೊದಲೇ ಅಕ್ಕನ ಮೂಲಕ ಹೇಳಿಸಿದ್ದೆ, ನನ್ನ ಜೊತೆ ಬರುವವರಲ್ಲಿ ನನಗೆ ತುಂಬ ಬೇಕಾದವಳು ಒಬ್ಬಳಿದ್ದಾಳೆ ಅಂತ. ಯಜಮಾನಿ ಎಲ್ಲರಿಗೂ ಕೇಳುವ ಹಾಗೆ ಇಂಗ್ಲಿಷಿನಲ್ಲಿ ವಿವರಿಸಿದಳು: ನಮ್ಮಲ್ಲಿ ಹಿರಿಯರು ಪ್ರೀತಿಯವರಿಗೆ ತಮ್ಮ ಕೈಯಾರೆ ತಿನ್ನಿಸುತ್ತಾರೆ, ತಿನ್ನಿಸಿದರೆ ಬೇಡ ಅನ್ನಬಾರದು.

ನಾನು ಆಗಲೇ ಸುತ್ತಲು ಶುರು ಮಾಡಿದ್ದೆ. ಅಷ್ಟು ಹೊತ್ತು ಉಂಡ ಕೈ. ಕೆಂಪು ಬೇಳೆ, ಸೊಪ್ಪು, ಮೇಲೆ ಇನ್ನಷ್ಟು ಬೇಳೆ, ನಿಂಬೆಹಣ್ಣಿನಷ್ಟು ದಪ್ಪ.

"ಬಾಯಿ ತಗಿ ಕಣವ್ವ."

"ಅಯ್ಯೋ ಬೇಡ ಆಂಟಿ, ನಾನು..."

"ಬೇಡ ಅನ್ಬಾರ್ದಂತೆ."

"ತಗೋಳೇ, ಆಂಟಿ ಅಷ್ಟು ಪ್ರೀತಿಯಿಂದ ಕೊಡ್ತಿದಾರೆ," ಅಂದ ಗಂಡ. ನಾಲ್ಕು ಫೋನುಗಳು ಮೇಲೆದ್ದವು. ಯಜಮಾನಿ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

ಅವಳು ಬಾಯಿ ತೆರೆದಳು. ನಾನು ತುತ್ತನ್ನು ಬೆರಳ ಸಮೇತ ಒಳಗೆ ಇಟ್ಟೆ, ಹಲ್ಲು ತಾಗುವ ತನಕ. ಅವಳು ಅಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಮಗಳು ಮಾತ್ರ ನನ್ನ ಮುಖ ನೋಡಿ ಕೆಳಗೆ ನೋಡಿದಳು. ಅವಳಿಗೆ ಅರ್ಥವಾಗಿತ್ತು. ಮತ್ತೆ ತಲೆ ಎತ್ತಿದಾಗ ತುಟಿ ಕಚ್ಚಿಕೊಂಡಿದ್ದಳು, ನಗುವನ್ನು ಹಿಡಿದುಕೊಂಡು.

ಗಿಗಿರಿಯಮ್ಮನನ್ನು ನಾನು ಪೆದ್ದಿ ಅಂತ ಅಂದುಕೊಂಡಿರಲಿಲ್ಲ, ಪೆದ್ದಿಯಾಗಿರಲೂ ಇಲ್ಲ. ನುಂಗಿದಳು, ಬಾಯಿ ಒರೆಸಿಕೊಂಡಳು, ನಕ್ಕಳು. "ಈಗ ನನ್ನ ಸರದಿ ಆಂಟಿ," ಅಂದಳು. ತಟ್ಟೆಯ ನಡುವೆ ಅಲಂಕಾರಕ್ಕೆ ಅಂತ ಎರಡು ಹಸಿಮೆಣಸಿನಕಾಯಿ ಸೀಳಿ ಈರುಳ್ಳಿ ತುಂಬಿ ಇಟ್ಟಿದ್ದರು. ಒಂದನ್ನು ಇಡಿಯಾಗಿ ಎತ್ತಿ, ಕೆಂಪು ಬೇಳೆ ಬಳಿದು, ದೋಸೆಯಲ್ಲಿ ಸುತ್ತಿ ನನ್ನ ಬಾಯಿಗೆ ತಂದಳು.

ತಿಂದೆ. ಮಂಡ್ಯದ ಕಡೆಯವಳು, ಮೆಣಸಿನಕಾಯಿ ಕಡಿದುಕೊಂಡೇ ಮುದ್ದೆ ನುಂಗಿದವಳು ಅನ್ನುವ ಜಂಬ ನನಗಿತ್ತು. ಆ ಕಾಯಿ ಬೇರೆಯೇ ಜಾತಿ. ಕಿವಿಯೊಳಗೆ ಗುಂಯ್ ಅಂದಿತು, ಮೂಗಿನಲ್ಲಿ ನೀರಿಳಿಯಿತು. ಇರುವ ಹಲ್ಲಿನಲ್ಲಿ ನಿಧಾನವಾಗಿ, ಬೀಜ ಸಮೇತ, ಅಗಿದು ನುಂಗಿದೆ. ನೀರು ಮುಟ್ಟಲಿಲ್ಲ. ಅವಳು ನನ್ನ ಲೋಟವನ್ನೇ ನೋಡುತ್ತಿದ್ದಳು.

"ಚೆನ್ನಾಗದೆ. ಈಗ ನಿಂಗೆ," ಅಂದೆ.

ಎರಡನೆಯದನ್ನು ಮೊದಲಿನದಕ್ಕಿಂತ ದಪ್ಪ ಸುತ್ತಿದೆ, ಉಳಿದಿದ್ದ ಇನ್ನೊಂದು ಮೆಣಸಿನಕಾಯಿಯನ್ನೂ ಒಳಗೆ ಸೇರಿಸಿ. ಸುತ್ತುವ ಮೊದಲು ಬೆರಳಿಗೆ ಅಂಟಿದ್ದ ಬೇಳೆಯನ್ನು ನೆಕ್ಕಿದೆ. ಅವಳಿಗೆ ಕಾಣುವ ಹಾಗೇ ನೆಕ್ಕಿದೆ. ಸುತ್ತಲಿನವರು ಕೂಗುತ್ತಿದ್ದರು. "ಅತ್ತೆ ಸೊಸೆ ಥರ ಕಾಣ್ತಿದೀರಿ ಇಬ್ಬರೂ!" ಅಂದಳು ಒಬ್ಬಳು. ಎಷ್ಟು ನಿಜ ಅಂತ ಅವಳಿಗೆ ಗೊತ್ತಿರಲಿಲ್ಲ.

ಅವಳು ಆ ಬೆರಳುಗಳನ್ನು ನೋಡಿದಳು. ಬಾಯಿ ತೆರೆಯಲಿಲ್ಲ. ಮುಖದಲ್ಲಿ ನಗು ಇಟ್ಟುಕೊಂಡೇ, ತುಟಿ ಅಲ್ಲಾಡಿಸದೆ, "ಸಾಕು ಆಂಟಿ," ಅಂದಳು.

"ಏನಂದೆ?"

"ಸಾಕು ಅಂದೆ. ಯಾಕೆ ಮಾಡ್ತಿದೀರಿ ಅಂತ ಗೊತ್ತು ನಂಗೆ."

"ಗೊತ್ತಿದ್ರೆ ಒಳ್ಳೇದಾಯ್ತು. ಮುಂದಿನ ತಿಂಗಳಿಂದ ಹೋಟ್ಲು ನಾನು ಹೇಳ್ತೀನಿ."

"ಹೇಳಿ."

"ಎಲ್ರಿಗೂ ಕೇಳೋ ಹಂಗೆ ಅನ್ನು."

ತುತ್ತು ಅವಳ ತುಟಿಯ ಮುಂದೆಯೇ ಇತ್ತು. ಅವಳು ಮೇಜಿನ ಕಡೆ ತಿರುಗಿದಳು. "ಎಲ್ಲರೂ ಕೇಳ್ರಪ್ಪ, ಇನ್ಮೇಲೆ ಹೋಟೆಲ್ ಸೆಲೆಕ್ಟ್ ಮಾಡೋದು ಆಂಟಿ. ಇಷ್ಟು ಒಳ್ಳೆ ಜಾಗ ಹುಡುಕಿದಾರೆ." ಮತ್ತೆ ಚಪ್ಪಾಳೆ. ಅವಳ ಕಣ್ಣಲ್ಲಿ ನೀರಿತ್ತು. ಖಾರಕ್ಕೋ ಇನ್ನೊಂದಕ್ಕೋ, ನಾನು ಕೇಳಲಿಲ್ಲ.

ಆಮೇಲೂ ತುತ್ತನ್ನು ಅವಳ ಬಾಯಿಗೆ ಇಟ್ಟೆ. ಅವಳು ಕೈ ತೊಳೆಯುವ ಕಡೆ ಓಡಿದಳು. ಬಾಯಿ ಮುಕ್ಕಳಿಸುವ ಸದ್ದು ಬಹಳ ಹೊತ್ತು ಬಂತು. ಆ ಹೊತ್ತಿಗೆ ಕಾಫಿ ಬಂದಿತ್ತು, ಒಳ್ಳೆಯ ಕಾಫಿ. ಎರಡು ಬಟ್ಟಲು ಕುಡಿದೆ.

ಹೊರಗೆ ಕಾರಿನ ಹತ್ತಿರ ಯಾರೋ, "ಹಾಗಾದ್ರೆ ನೆಕ್ಸ್ಟ್ ಎಲ್ಲಿಗೆ ಆಂಟಿ?" ಅಂದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ರಸ್ತೆಯ ಆಚೆ ಒಂದು ಕೆಂಪು ಬೋರ್ಡು ಕಂಡಿತು. ಏನು ಬರೆದಿತ್ತೋ, ಕನ್ನಡ ಬಿಟ್ಟು ಬೇರೆ ನನಗೆ ಓದಲು ಬರದು. ಬಟ್ಟಲು, ಅದರಿಂದ ಹೊಗೆ ಏಳುವ ಚಿತ್ರ ಇತ್ತು. "ಅಲ್ಲಿಗೆ," ಅಂದೆ. ಯಾರೂ ಮೊಟ್ಟೆ ಕೇಳಲಿಲ್ಲ, ಎಣ್ಣೆ ಕೇಳಲಿಲ್ಲ, ಸ್ಟಾರು ಕೇಳಲಿಲ್ಲ. ಗಿಗಿರಿಯಮ್ಮ ಕಾರಿನೊಳಗೆ ಕೂತು ಗಾಜು ಏರಿಸಿಕೊಂಡಿದ್ದಳು.

ಮುಂದಿನ ತಿಂಗಳು ಎಲ್ಲರೂ ಅಲ್ಲಿಗೆ ಬಂದರು, ಅವಳೂ ಬಂದಳು. ಬಟ್ಟಲಲ್ಲಿ ಬಂದದ್ದು ಬಿಸಿನೀರಿನಲ್ಲಿ ಬಿದ್ದ ದಾರದಂಥ ಶಾವಿಗೆ, ಮೇಲೆ ತೇಲುವ ಎಲೆಕೋಸು. ಉಪ್ಪಿಲ್ಲ, ಹುಳಿಯಿಲ್ಲ, ಖಾರವಂತೂ ಕೇಳಲೇಬೇಡಿ. ನಾನು ಇಲ್ಲಿಯ ತನಕ ತಿಂದ ಹೋಟೆಲುಗಳಲ್ಲಿ ಅಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಎಲ್ಲರೂ ಚಮಚ ಎತ್ತಿ ಹಿಡಿದು ನನ್ನ ಮುಖ ನೋಡಿದರು.

"ಚೆನ್ನಾಗದೆ," ಅಂದೆ.

"ಹೂಂ, ತುಂಬ ಲೈಟಾಗಿದೆ," ಅಂದಳು ಒಬ್ಬಳು. "ಡಿಫರೆಂಟ್," ಅಂದಳು ಇನ್ನೊಬ್ಬಳು. ಗಿಗಿರಿಯಮ್ಮ ಒಂದು ಚಮಚ ಬಾಯಿಗೆ ಹಾಕಿಕೊಂಡು ನನ್ನ ಕಡೆ ನೋಡಿದಳು, ನುಂಗಿ ಇನ್ನೊಂದು ಚಮಚ ತುಂಬಿಕೊಂಡಳು.

ನನ್ನ ಮೊಮ್ಮಗಳು ಕಿವಿಯ ಹತ್ತಿರ ಬಂದು, "ಅಜ್ಜಿ, ದಿಸ್ ಈಸ್ ಡಿಸ್ಗಸ್ಟಿಂಗ್," ಅಂದಳು.

"ಗೊತ್ತು. ಸುಮ್ನೆ ತಿನ್ನು," ಅಂದೆ.